ಅಪ್ಪನ ಪೇಂಟ್ ಡಬ್ಬಿಯಲ್ಲಿ 11 ಕೆಜಿ ಸವೆದ ಕಾರ್ಬೈಡ್: ಗುಜರಿಗೆ ಹಾಕೋದಾ, ಇಟ್ಕೊಳ್ಳೋದಾ?

ಲೇತ್‌ಮನೆ

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಶೆಡ್ ಇದೆ. ಎರಡು ಸಿಎನ್‌ಸಿ, ಒಂದು ಹಳೇ ಎಚ್‌ಎಂಟಿ ಲೇತ್. ಅಪ್ಪ ಶುರು ಮಾಡಿದ್ದು. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಹೋದ ಭಾನುವಾರ ಅವರ ಬೀರು ಖಾಲಿ ಮಾಡುತ್ತಿದ್ದೆ. ಕೆಳಗಿನ ಖಾನೆಯಲ್ಲಿ ಎರಡು ಲೀಟರಿನ ಪೇಂಟ್ ಡಬ್ಬಿ ಇತ್ತು. ಒಂದು ಕೈಯಲ್ಲಿ ಎತ್ತಲು ಹೋದೆ. ಡಬ್ಬಿ ಜಾಗ ಬಿಟ್ಟು ಕದಲಲಿಲ್ಲ, ಹಿಡಿಕೆ ಮಾತ್ರ ಕಿತ್ತು ಕೈಗೆ ಬಂತು. ಮುಚ್ಚಳ ತೆಗೆದರೆ ಬಾಯಿವರೆಗೂ ಲೋಹ ಕತ್ತರಿಸಲು ಟೂಲಿನ ತುದಿಗೆ ಕೂರಿಸುವ ಸಣ್ಣ ಕಾರ್ಬೈಡ್ ತುಂಡುಗಳು, ಅಂದರೆ ಸವೆದ ಇನ್ಸರ್ಟ್‌ಗಳು. ತೂಕ ಹಾಕಿದೆ, 11 ಕೆಜಿ ಚಿಲ್ಲರೆ ಬಂತು.

ನಮ್ಮ ಬೀದಿಗೆ ಬರುವ ಗುಜರಿಯವರು ಕೆಜಿಗೆ 400 ರೂಪಾಯಿ ಕೊಡ್ತೀನಿ ಅಂದರು. "ಕಬ್ಬಿಣಕ್ಕಿಂತ ಹತ್ತು ಪಟ್ಟು ಕೊಡ್ತಿದ್ದೀನಿ, ಇವತ್ತೇ ಹಾಕಿಬಿಡಿ" ಅಂತ ಒಂದೇ ಸಮ ಆತುರ ಮಾಡಿದರು. ಆ ಆತುರ ನೋಡಿಯೇ ನನಗೆ ಅನುಮಾನ ಬಂದದ್ದು.

ಕೇಳಬೇಕಾಗಿರೋದು ಎರಡು. ಇದಕ್ಕೆ ನಿಜವಾಗಿ ಬೆಲೆ ಇದೆಯಾ, ಇದ್ದರೆ ಯಾಕೆ? ಡಬ್ಬಿಯಲ್ಲಿ ಚಿನ್ನದ ಬಣ್ಣದ್ದು, ಕಪ್ಪು, ಬೂದು ಎಲ್ಲ ಕಲಸಿಹೋಗಿವೆ. ಚಿನ್ನದ ಬಣ್ಣದ್ದಕ್ಕೆ ಬೆಲೆ ಜಾಸ್ತಿಯಾ?

ಉದ್ಯಮಬಾಗ

ಕೊಡಬೇಡಿ! 400ಕ್ಕೆ ಖಂಡಿತ ಬೇಡ. ಅದು ಸಾವಿರಗಳ ಲೆಕ್ಕದ ಮಾಲು. ನಾವು ಬೆಳಗಾವಿಯಲ್ಲಿ ಬೀಡು ಕಬ್ಬಿಣದ ಕೆಲಸ ಮಾಡುತ್ತೇವೆ. ತಿಂಗಳಿಗೆ ಎರಡು ಕೆಜಿ ಆದರೂ ಸವೆದ ಇನ್ಸರ್ಟ್ ಬೀಳುತ್ತದೆ. ಅದನ್ನು ಲಾಕರಿನಲ್ಲಿ ಇಡುತ್ತೇವೆ. ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಲಾಕರ್.

ಮಾವಿನತೋಪು

ನನಗೆ ಈ ಕ್ಷೇತ್ರ ಗೊತ್ತಿಲ್ಲ, ಕೇಳುತ್ತಿದ್ದೇನೆ. ಕಾರ್ಬೈಡ್ ಅಂದರೆ ಮಾವಿನಹಣ್ಣು ಮಾಗಿಸಲು ಇಡ್ತಾರಲ್ಲ, ಅದೇನಾ? ಅದು ಇಷ್ಟು ದುಬಾರಿಯಾ?

ಪುಡಿಲೋಹ

ಅಲ್ಲ, ಅದು ಬೇರೆ. ಹಣ್ಣಿನವರು ಇಡೋದು ಕ್ಯಾಲ್ಸಿಯಂ ಕಾರ್ಬೈಡ್. ನೀರು ತಾಗಿದರೆ ಅಸಿಟಿಲೀನ್ ಗ್ಯಾಸ್ ಬಿಡುತ್ತದೆ. ಹಳೇ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಇರುತ್ತಿದ್ದದ್ದೂ ಅದೇ. ಹಣ್ಣಿಗೆ ಅದನ್ನು ಹಾಕುವುದು ಕಾನೂನಿನಲ್ಲಿ ನಿಷೇಧ. ಇಲ್ಲಿ ಮಾತಾಡುತ್ತಿರುವುದು ಟಂಗ್‌ಸ್ಟನ್ ಕಾರ್ಬೈಡ್. ನೀರಿನಲ್ಲಿ ನೂರು ವರ್ಷ ಇಟ್ಟರೂ ಹಣ್ಣಿಗೆ ಏನೂ ಮಾಡಲ್ಲ. ಎರಡರಲ್ಲೂ ಇಂಗಾಲ ಇದೆ. ಹೆಸರು ಒಂದೇ ಥರ ಇರೋದು ಅದಕ್ಕೆ, ಅಷ್ಟೆ.

ನಾನು ಹದಿನಾರು ವರ್ಷ ಇದೇ ಪುಡಿಯ ಕೆಲಸ ಮಾಡಿದವಳು. ಲೇತ್‌ಮನೆಯವರೇ, ರಾತ್ರಿ ಕೂತು ವಿವರವಾಗಿ ಬರೆಯುತ್ತೇನೆ. ಅಲ್ಲಿವರೆಗೂ ಡಬ್ಬಿ ಯಾರಿಗೂ ಕೊಡಬೇಡಿ.

ಹಳೇಟರ್ನರ್

ಲೇತ್‌ಮನೆ, ನಿಮ್ಮ ತಂದೆಯವರ ವಿಷಯ ಕೇಳಿ ಬೇಜಾರಾಯಿತು. ಡಬ್ಬಿ ಕೂಡಿಟ್ಟ ರೀತಿ ನೋಡಿದರೆ ಅವರು ನಮ್ಮ ಕಾಲದ ಟರ್ನರ್ ಇರಬೇಕು.

ನಾನು 1979ರಲ್ಲಿ ಕೆಲಸಕ್ಕೆ ಸೇರಿದೆ. ಆಗ ನಾವು ಇದನ್ನು ಕಾರ್ಬೈಡ್ ಅಂತ ಕರೆದದ್ದೇ ಇಲ್ಲ. "ವಿಡಿಯಾ" ಅನ್ನುತ್ತಿದ್ದೆವು. ತುಮಕೂರು ರಸ್ತೆ ಎಂಟನೇ ಮೈಲಿ ಹತ್ತಿರ ವಿಡಿಯಾ ಕಾರ್ಖಾನೆ ಇತ್ತಲ್ಲ, ಆ ಹೆಸರೇ ವಸ್ತುವಿಗೂ ಅಂಟಿಕೊಂಡಿತು. ಈಗ ಅದು ಕೆನ್ನಾಮೆಟಲ್. ಆದರೂ ನನ್ನ ಬಾಯಲ್ಲಿ ಇವತ್ತಿಗೂ ವಿಡಿಯಾ ಅಂತಲೇ ಬರುತ್ತದೆ. ಅದು ಜರ್ಮನ್ ಮಾತಂತೆ. "ವೀ ದಿಯಮಾಂಟ್", ಅಂದರೆ "ವಜ್ರದ ಹಾಗೆ". ನಮ್ಮ ಫೋರ್‌ಮನ್ ಹೇಳಿಕೊಟ್ಟಿದ್ದರು.

ಬೆಲೆ ಯಾಕೆ ಅಂತ ಕೇಳಿದಿರಿ. ಗುಜರಿ ಬೆಲೆ ಆಮೇಲೆ. ಮೊದಲು ಕೆಲಸದ ಬೆಲೆ ನೋಡಿ. 50 ಎಂಎಂ ವ್ಯಾಸದ ಇಎನ್8 ಉಕ್ಕಿನ ಸರಳು ಲೇತಿನ ಚಕ್‌ಗೆ ಕಟ್ಟಿದ್ದೀರಿ ಅನ್ನಿ. ಎಚ್‌ಎಸ್‌ಎಸ್ (ಹೈಸ್ಪೀಡ್ ಉಕ್ಕು) ಟೂಲ್ ಆದರೆ ನಿಮಿಷಕ್ಕೆ 30 ಮೀಟರ್ ವೇಗ. ಅಂದರೆ ಹೆಚ್ಚುಕಮ್ಮಿ 190 ಆರ್‌ಪಿಎಂ. ಅದಕ್ಕಿಂತ ಏರಿಸಿದರೆ ತುದಿ ಕೆಂಪಾಗಿ ಮೆತ್ತಗಾಗುತ್ತದೆ. ಅದೇ ಸರಳಿಗೆ ಈಗಿನ ಕೋಟಿಂಗ್ ಇರುವ ಕಾರ್ಬೈಡ್ ಇನ್ಸರ್ಟ್ ಹಾಕಿದರೆ ನಿಮಿಷಕ್ಕೆ 200 ಮೀಟರ್ ಆರಾಮಾಗಿ ಓಡಿಸಬಹುದು. 1270 ಆರ್‌ಪಿಎಂ! ನಾನು ಬೆಳಗ್ಗೆಯಿಂದ ಊಟದ ಹೊತ್ತಿನವರೆಗೂ ಮಾಡುತ್ತಿದ್ದ ಕೆಲಸ ಟೀ ಕುಡಿಯುವಷ್ಟರಲ್ಲಿ ಮುಗಿಯಿತು ಅಂದುಕೊಳ್ಳಿ. ಬಿಸಿ ಬರುವುದಿಲ್ಲ ಅಂತಲ್ಲ. ಬಿಸಿಯಲ್ಲೂ ಇದು ಗಟ್ಟಿಯಾಗಿ ನಿಲ್ಲುತ್ತದೆ. ಆ ಬಿಸಿಯ ಬಹುಪಾಲು ಕತ್ತರಿಸಿ ಬರುವ ಲೋಹದ ಸುರುಳಿಯ ಜೊತೆ ಹಾರಿಹೋಗುತ್ತದೆ. ಉಕ್ಕಿನ ಸುರುಳಿ ನೀಲಿಯಾಗಿ ಬರಬೇಕು, ಜಾಬ್, ಅಂದರೆ ಕಟ್ಟಿದ ಸರಳು, ತಣ್ಣಗೆ ಇರಬೇಕು. ಹಾಗೆ ಬಂದರೆ ವೇಗ ಸರಿ ಇದೆ ಅಂತ ನಮಗೆ ಕಲಿಸಿದ್ದು.

ಇನ್ನೊಂದು ಮುಖ್ಯ ಮಾತು. ಡಬ್ಬಿ ಮಾರುವ ಮುಂಚೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಸಿಎನ್‌ಎಂಜಿ (ಇವೆಲ್ಲ ಇನ್ಸರ್ಟಿನ ಆಕಾರದ ಕೋಡ್) ಆದರೆ ಮೇಲೆ ಎರಡು, ಕೆಳಗೆ ಎರಡು, ನಾಲ್ಕು ಮೂಲೆ ಕೆಲಸಕ್ಕೆ ಬರುತ್ತವೆ. ಡಬ್ಲ್ಯುಎನ್‌ಎಂಜಿ, ಟಿಎನ್‌ಎಂಜಿಗೆ ಆರು. ಎಸ್‌ಎನ್‌ಎಂಜಿಗೆ ಎಂಟು. ಅರ್ಜೆಂಟಿನಲ್ಲಿ ಹುಡುಗರು ಎರಡು ಮೂಲೆ ಸವೆಸಿ ತಿರುಗಿಸಲು ಬೇಜಾರಾಗಿ ಡಬ್ಬಿಗೆ ಎಸೆಯುತ್ತಾರೆ. ನಾನು ಎಷ್ಟು ಶೆಡ್‌ಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಹೊಸ ಮೂಲೆ ಇರುವ ಇನ್ಸರ್ಟ್ ಗುಜರಿ ಅಲ್ಲ.

ಲೇತ್‌ಮನೆ

ಹಳೇಟರ್ನರ್ ಸರ್, ಅಪ್ಪನೂ ವಿಡಿಯಾ ಅಂತಲೇ ಹೇಳುತ್ತಿದ್ದರು. ಅದು ಕಂಪನಿ ಹೆಸರು ಅಂತ ನನಗೆ ಇವತ್ತು ಗೊತ್ತಾಯಿತು. ಇವತ್ತು ಸಂಜೆಯೇ ಕೂತು ಮೂಲೆ ನೋಡುತ್ತೇನೆ.

ಪುಡಿಲೋಹ

ಹೇಳಿದಂತೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಕ್ಷಮಿಸಿ.

ಇನ್ಸರ್ಟ್ ಅಂದರೆ ಎರಕ ಹೊಯ್ದ ಲೋಹ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಟಂಗ್‌ಸ್ಟನ್ ಲೋಹ ಕರಗಬೇಕಾದರೆ 3,422 ಡಿಗ್ರಿ ಬೇಕು. ಲೋಹಗಳಲ್ಲೇ ಅದು ಅತಿ ಹೆಚ್ಚು. ಅದನ್ನು ಕರಗಿಸಿ ಅಚ್ಚಿಗೆ ಹೊಯ್ಯಲು ಹೋಗುವುದಿಲ್ಲ, ಪುಡಿಯಲ್ಲೇ ಎಲ್ಲ ನಡೆಯುತ್ತದೆ. ಅದಿರಿನಿಂದ ಮೊದಲು ಎಪಿಟಿ ಅನ್ನುವ ಬಿಳಿ ಉಪ್ಪು ತೆಗೆಯುತ್ತಾರೆ. ಅದನ್ನು ಕಾಯಿಸಿದರೆ ಹಳದಿ ಪುಡಿ. ಆ ಹಳದಿ ಪುಡಿಯನ್ನು ಹೈಡ್ರೋಜನ್ ಒಲೆಯಲ್ಲಿ ಇಟ್ಟರೆ ಬೂದು ಬಣ್ಣದ ಟಂಗ್‌ಸ್ಟನ್ ಪುಡಿ. ಅದಕ್ಕೆ ಮಸಿ ಬೆರೆಸಿ 1,400 ಡಿಗ್ರಿಗೂ ಮೇಲೆ ಕಾಯಿಸಿದರೆ ಟಂಗ್‌ಸ್ಟನ್ ಕಾರ್ಬೈಡ್. ಅದರಲ್ಲಿ ಇಂಗಾಲ ತೂಕದಲ್ಲಿ ಶೇ. 6.13 ಇರಬೇಕು. ನಮ್ಮ ಜೀವ ತಿನ್ನುತ್ತಿದ್ದದ್ದು ಇದೇ ಅಂಕಿ. ಇಂಗಾಲ ಕಮ್ಮಿಯಾದರೆ ಮಾಲು ಗಾಜಿನ ಹಾಗೆ ಒಡೆಯುತ್ತದೆ. ಜಾಸ್ತಿಯಾದರೆ ಒಳಗೆ ಮಸಿಯ ಚುಕ್ಕೆ ಉಳಿಯುತ್ತದೆ.

ಈ ಕಾರ್ಬೈಡ್ ಕಾಳಿಗೆ ಕೋಬಾಲ್ಟ್ ಪುಡಿ ಬೆರೆಸಿ, ಅರೆದು, ಸ್ವಲ್ಪ ಮೇಣ ಹಾಕಿ, ಅಚ್ಚಿನಲ್ಲಿ ಒತ್ತುತ್ತೇವೆ. ಒತ್ತಿದ್ದು ಸೀಮೆಸುಣ್ಣದ ಹಾಗೆ ಇರುತ್ತದೆ, ಉಗುರಿನಿಂದ ಕೆರೆದರೂ ಬರುತ್ತದೆ. ಆಮೇಲೆ 1,400 ಡಿಗ್ರಿ ಆಸುಪಾಸಿನಲ್ಲಿ ಬೇಯಿಸುತ್ತೇವೆ. ಕಡಲೆಬೀಜದ ಚಿಕ್ಕಿ ನೆನಪಿಸಿಕೊಳ್ಳಿ. ಬೀಜ ಕರಗುವುದಿಲ್ಲ, ಬೆಲ್ಲ ಪಾಕವಾಗಿ ಬೀಜದ ಸಂದುಗಳಿಗೆ ಇಳಿದು ಹಿಡಿದುಕೊಳ್ಳುತ್ತದೆ. ಇಲ್ಲಿ ಕಾರ್ಬೈಡ್ ಕಾಳೇ ಕಡಲೆಬೀಜ, ಕೋಬಾಲ್ಟೇ ಬೆಲ್ಲ. ಬೇಯುವಾಗ ತುಂಡು ಎಲ್ಲ ಕಡೆಯಿಂದ ಐದನೇ ಒಂದರಷ್ಟು ಕುಗ್ಗುತ್ತದೆ. ಒಲೆಗೆ ಹೋಗುವಾಗ ಬೆರಳಿನಷ್ಟು ಉದ್ದ ಇದ್ದದ್ದು ಬರುವಾಗ ಒಂದು ಗೆಣ್ಣು ಸಣ್ಣದಾಗಿ ಬರುತ್ತದೆ. ಹದಿನಾರು ವರ್ಷ ನೋಡಿದರೂ ಆ ಟ್ರೇ ಹೊರಗೆ ಬರುವಾಗ ನಾನು ಹೋಗಿ ನಿಲ್ಲುತ್ತಿದ್ದೆ.

ಬೆಲ್ಲ ಜಾಸ್ತಿ ಹಾಕಿದರೆ ಚಿಕ್ಕಿ ಬಗ್ಗುತ್ತದೆ, ಕಮ್ಮಿ ಹಾಕಿದರೆ ಪುಡಿಯಾಗುತ್ತದೆ. ಇಲ್ಲೂ ಹಾಗೇ. ಟರ್ನಿಂಗ್ ಇನ್ಸರ್ಟಿಗೆ ಕೋಬಾಲ್ಟ್ ಶೇ. 6ರಿಂದ 12. ಏಟು ತಿನ್ನುವ ಡೈಗಳಿಗೆ ಶೇ. 15, 20, ಇನ್ನೂ ಹೆಚ್ಚು. ಕೋಬಾಲ್ಟ್ ಏರಿದಂತೆ ಏಟು ತಡೆಯುತ್ತದೆ, ಗಟ್ಟಿತನ ಇಳಿಯುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಅದಕ್ಕೇ ಇಷ್ಟೊಂದು ಗ್ರೇಡ್.

ಚಿನ್ನದ ಬಣ್ಣ ಕೇಳಿದಿರಲ್ಲ. ಅದು ಟೈಟಾನಿಯಂ ನೈಟ್ರೈಡ್ ಲೇಪ. ಕೆಲವೇ ಮೈಕ್ರಾನ್ ದಪ್ಪ, ಕೂದಲಿಗಿಂತ ಎಷ್ಟೋ ತೆಳು. ಗುಜರಿ ಬೆಲೆಗೆ ಅದರಿಂದ ವ್ಯತ್ಯಾಸ ಇಲ್ಲ. ಬೆಲೆ ಇರೋದು ಒಳಗಿನ ಟಂಗ್‌ಸ್ಟನ್‌ಗೆ, ಸ್ವಲ್ಪ ಕೋಬಾಲ್ಟ್‌ಗೆ.

ಈಗ ಬೆಲೆ ವಿಷಯ. ಜಗತ್ತಿನ ಟಂಗ್‌ಸ್ಟನ್ ಗಣಿ ಉತ್ಪಾದನೆಯಲ್ಲಿ ಐದರಲ್ಲಿ ನಾಲ್ಕು ಪಾಲು ಚೀನಾದ್ದು. 2025ರ ಫೆಬ್ರವರಿಯಲ್ಲಿ ಚೀನಾ ಟಂಗ್‌ಸ್ಟನ್ ವಸ್ತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಅಲ್ಲಿಂದ ಬೆಲೆ ಏರುತ್ತಾ ಹೋಯಿತು. ತಾಮ್ರ, ಅಲ್ಯೂಮಿನಿಯಂ ಥರ ಇದಕ್ಕೆ ಲಂಡನ್ ಲೋಹ ಪೇಟೆಯಲ್ಲಿ ದಿನದ ರೇಟ್ ಕೂಗುವುದಿಲ್ಲ. ಎಪಿಟಿ ಬೆಲೆ ಹಿಡಿದು ಎಲ್ಲರೂ ಲೆಕ್ಕ ಹಾಕುತ್ತಾರೆ. ಅದಕ್ಕೇ ಬೀದಿಯ ವ್ಯಾಪಾರಿ ಬಾಯಿಗೆ ಬಂದ ಅಂಕಿ ಹೇಳಬಹುದು. ಒಂದೇ ದಿನ ಮೂರು ಕಡೆ ಕೇಳಿ. ಇನ್ಸರ್ಟ್ ಮಾರುವ ದೊಡ್ಡ ಕಂಪನಿಗಳಲ್ಲೂ ಕೆಲವು ಸವೆದದ್ದನ್ನು ವಾಪಸ್ ಕೊಳ್ಳುತ್ತವೆ. ನಿಮಗೆ ಇನ್ಸರ್ಟ್ ಕೊಡುವ ಡೀಲರನ್ನೇ ಮೊದಲು ಕೇಳಿ.

ಬೋರ್‌ಗಾಡಿ

ಪುಡಿಲೋಹ ಅಕ್ಕ, ಚಿಕ್ಕಿ ಉದಾಹರಣೆ ಭಾಳ ಚೆನ್ನಾಗಿದೆ. ನಮ್ಮ ಬೋರ್ ಕೊರೆಯುವ ಬಿಟ್ ಯಾಕೆ ಹಾಗೆ ಒಡೆಯುತ್ತದೆ ಅಂತ ಈಗ ಅರ್ಥ ಆಯಿತು.

ನಾನು ಚಿತ್ರದುರ್ಗ ಕಡೆ ಬೋರ್ ಗಾಡಿಯಲ್ಲಿ ಕೆಲಸ ಮಾಡುತ್ತೇನೆ. ಗಾಡಿ ತಿರುಚೆಂಗೋಡಿನದು. ಕಾರ್ಬೈಡ್ ಅಂದರೆ ಎಲ್ಲರೂ ಲೇತ್ ಬಗ್ಗೆಯೇ ಮಾತಾಡುತ್ತಾರೆ. ನಮ್ಮ ರೈತರ ಹೊಲಕ್ಕೆ ನೀರು ಬರೋದೂ ಇದರಿಂದಲೇ ಅಂತ ಹೇಳಬೇಕು ಅನ್ನಿಸಿತು. ಆರೂವರೆ ಇಂಚಿನ ಬಿಟ್ಟಿನ ಮುಖ ನೋಡಿದ್ದೀರಾ? ಉಕ್ಕಿನ ಮೇಲೆ ಗೋಲಿ ಕೂರಿಸಿದ ಹಾಗೆ ಕಾರ್ಬೈಡ್ ಬಟನ್‌ಗಳು. ಕಂಪ್ರೆಸರ್ ಗಾಳಿಗೆ ಹ್ಯಾಮರ್ ಒಳಗಿನ ಪಿಸ್ಟನ್ ಆ ಬಿಟ್ಟಿಗೆ ಬಡಿಯುತ್ತಲೇ ಇರುತ್ತದೆ. ಕಲ್ಲನ್ನು ಕೊಯ್ಯೋದಲ್ಲ, ಜಜ್ಜಿ ಪುಡಿ ಮಾಡೋದು. ಉಕ್ಕು ಮಾತ್ರ ಇದ್ದಿದ್ದರೆ ನಮ್ಮ ಕಡೆ ಕಲ್ಲಿಗೆ ಮುಖವೇ ಚಪ್ಪಟೆಯಾಗಿಬಿಡುತ್ತಿತ್ತು.

ಸುತ್ತಿನ ಅಂಚಿನ ಬಟನ್ನೇ ಮೊದಲು ಸವೆಯೋದು. ಅಂಚು ಸವೆದರೆ ತೂತು ಕೆಳಗೆ ಹೋಗ್ತಾ ಹೋಗ್ತಾ ಸಣ್ಣದಾಗುತ್ತದೆ. ಆಮೇಲೆ ಹೊಸ ಬಿಟ್ ಹಾಕಿದರೆ ಅದು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಗಾಡಿಯಲ್ಲಿ ಬಿಟ್‌ಗಳನ್ನು ಅಳತೆ ನೋಡಿ ಸಾಲಾಗಿ ಜೋಡಿಸಿರುತ್ತೇವೆ. ದೊಡ್ಡದು ಮೊದಲು, ಸವೆದದ್ದು ಕೊನೆಗೆ. ಬಟನ್ ತಲೆ ಚಪ್ಪಟೆಯಾಗಿ, ಆ ಚಪ್ಪಟೆ ಬಟನ್ ಅಗಲದ ಮೂರನೇ ಒಂದರಷ್ಟಾದರೆ ನಿಲ್ಲಿಸಿ ಗುಂಡಗೆ ಉಜ್ಜಿಸಬೇಕು. ಹಾಗೇ ಓಡಿಸಿದರೆ ಬಟನ್ ಸೀಳುತ್ತದೆ. ಒಂದು ಬಟನ್ ಕಳಚಿ ತೂತಿನೊಳಗೆ ಬಿದ್ದರೆ ಕಥೆ ಮುಗಿದಂತೆ. ಕಲ್ಲಿಗಿಂತ ಗಟ್ಟಿ ಅದು. ಅದರ ಮೇಲೆ ಬಡಿದು ಉಳಿದವೂ ಒಡೆಯುತ್ತವೆ.

ಹೋದ ಬೇಸಿಗೆ ಒಂದು ಹಳ್ಳಿಯಲ್ಲಿ 700 ಅಡಿಗೆ ಹೀಗೇ ಆಯಿತು. ಓನರ್ ಇನ್ನೊಂದು ಐವತ್ತು ಅಡಿ ಹೋಗಲಿ ಅಂದರು, ನಾನೂ ಸುಮ್ಮನಾದೆ. ಮೂರು ಬಟನ್ ಹೋದವು. ಆ ಮನೆಯ ಅಜ್ಜಿ ರಾತ್ರಿಯೆಲ್ಲ ಗಾಡಿ ಹತ್ತಿರವೇ ಕೂತಿದ್ದರು, ನೀರು ಬರುತ್ತದೆ ಅಂತ. ಬೆಳಗ್ಗೆ ನಾವು ರಾಡ್ ಎತ್ತಿಕೊಂಡು ಹೊರಟೆವು. ಆವತ್ತಿಂದ ಬಟನ್ ನೋಡದೆ ನಾನು ಬಿಟ್ ಇಳಿಸುವುದಿಲ್ಲ, ಓನರ್ ಏನೇ ಹೇಳಲಿ.

ಅಕ್ಕಸಾಲಿಮನೆ

ಒಡವೆ ಕಡೆಯಿಂದ ಒಂದು ಮಾತು. ಈಗ ಟಂಗ್‌ಸ್ಟನ್ ಉಂಗುರ ಅಂತ ಆನ್‌ಲೈನಿನಲ್ಲಿ ಹುಡುಗರು ತರಿಸುತ್ತಾರೆ. ಅದು ಕಾರ್ಬೈಡೇ, ಆದರೆ ಬೆಲ್ಲದ ಜಾಗದಲ್ಲಿ ಸಾಮಾನ್ಯವಾಗಿ ಕೋಬಾಲ್ಟ್ ಬದಲು ನಿಕ್ಕಲ್ ಇರುತ್ತದೆ. ಗೀರು ಬೀಳಲ್ಲ, ಹೊಳಪು ಹೋಗಲ್ಲ, ಚೆನ್ನಾಗಿಯೇ ಇದೆ. ಆದರೆ ದೊಡ್ಡದು ಮಾಡಿಕೊಡಿ ಅಂತ ನಮ್ಮ ಹತ್ತಿರ ತಂದರೆ ನಾವು ಏನೂ ಮಾಡಲಾರೆವು. ಹಿಗ್ಗುವುದೂ ಇಲ್ಲ, ಬೆಸುಗೆಗೆ ಬಗ್ಗುವುದೂ ಇಲ್ಲ. ಬೆರಳು ಊದಿಕೊಂಡು ಸಿಕ್ಕಿಕೊಂಡರೆ ಗರಗಸ ಹಾಕಬೇಡಿ. ಲಾಕಿಂಗ್ ಪ್ಲೈಯರ್‌ನಲ್ಲಿ ಹಿಡಿದು ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಹೋದರೆ ಅದು ಪಟ್ಟನೆ ಒಡೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಚಿನ್ನದಲ್ಲಿ ಮೋಸಕ್ಕೆ ಬಳಸುವುದು ಕಾರ್ಬೈಡ್ ಅಲ್ಲ, ಟಂಗ್‌ಸ್ಟನ್ ಲೋಹ. ಅದರ ಸಾಂದ್ರತೆ 19.25, ಚಿನ್ನದ್ದು 19.3. ನೀರಿನಲ್ಲಿ ತೂಗಿದರೂ ಗೊತ್ತಾಗುವುದು ಕಷ್ಟ. ಕಾರ್ಬೈಡ್ ಅಷ್ಟು ಭಾರ ಇಲ್ಲ, 15ರ ಆಸುಪಾಸು.

ಲೇತ್‌ಮನೆ

ಅಕ್ಕಸಾಲಿಮನೆ ಅವರೇ, ನೀರಿನಲ್ಲಿ ತೂಗುವ ಮಾತು ಒಳ್ಳೇ ಹೊತ್ತಿಗೆ ಬಂತು. ನನ್ನ ಡಬ್ಬಿಯಲ್ಲಿ ಕೆಲವು ತುಂಡು ಕಾರ್ಬೈಡೋ ಬೇರೆಯೋ ಅಂತ ಅನುಮಾನ ಇದೆ. ಮನೆಯಲ್ಲೇ ನೋಡುವ ದಾರಿ ಇದೆಯಾ?

ಪುಡಿಲೋಹ

ಇದೆ, ಸುಲಭ. ಅಡುಗೆಮನೆಯ ಅಳತೆ ಜಾರ್ ಸಾಕು, ಗೆರೆ ಸಣ್ಣದಾಗಿ ಇದ್ದರೆ ಒಳ್ಳೆಯದು. ಆಮೇಲೆ ಅದನ್ನು ಅಡುಗೆಗೆ ಬಳಸಬೇಡಿ. ಒಂದೇ ಥರ ಕಾಣುವ ತುಂಡು ಒಂದು ಕೆಜಿ ತೂಗಿಟ್ಟುಕೊಳ್ಳಿ. ಜಾರಿಗೆ ಅರ್ಧ ನೀರು ಹಾಕಿ, ಮಟ್ಟ ಗುರುತು ಮಾಡಿ, ತುಂಡು ಬಿಡಿ, ಗಾಳಿಗುಳ್ಳೆ ಹೋಗುವ ಹಾಗೆ ಅಲ್ಲಾಡಿಸಿ. ಬೀಡು ಕಬ್ಬಿಣಕ್ಕೆ ಬಳಸುವ ಸಾದಾ ಗ್ರೇಡ್ ಆದರೆ ನೀರು 70 ಎಂಎಲ್ ಹತ್ತಿರ ಏರುತ್ತದೆ. ಉಕ್ಕಿಗೆ ಬಳಸುವ ಗ್ರೇಡಿನಲ್ಲಿ ಟೈಟಾನಿಯಂ, ಟ್ಯಾಂಟಲಂ ಕಾರ್ಬೈಡೂ ಇರಬಹುದು. ಅದಕ್ಕೆ 75, 80 ಬಂದರೂ ಗಾಬರಿ ಬೇಡ. 127 ಬಂದರೆ ಅದು ಉಕ್ಕು. ಅದಕ್ಕಿಂತ ಜಾಸ್ತಿ ಏರಿದರೆ ಸರ್ಮೆಟ್ (ಸಿರಾಮಿಕ್, ಲೋಹ ಬೆರೆತದ್ದು) ಅಥವಾ ಸಿರಾಮಿಕ್. ಅವನ್ನು ಬೇರೆ ಇಡಿ, ಒಂದರಿಂದ ಇಡೀ ಚೀಲದ ರೇಟ್ ಬೀಳುತ್ತದೆ.

ಅಯಸ್ಕಾಂತ ಮಾತ್ರ ನಂಬಬೇಡಿ. ಕೋಬಾಲ್ಟ್ ಇರುವುದರಿಂದ ಕಾರ್ಬೈಡೂ ಸಣ್ಣಗೆ ಅಂಟುತ್ತದೆ. ಉಕ್ಕು ಟಪ್ ಅಂತ ಹಾರಿ ಹಿಡಿಯುತ್ತದೆ. ಎರಡರ ವ್ಯತ್ಯಾಸ ಕೈಗೆ ಗೊತ್ತಾಗಬೇಕು.

ಕಾರ್ಬೈಡ್ ತುದಿ ಬೆಸುಗೆ ಹಾಕಿದ ಹಳೇ ಟೂಲ್ ಇದ್ದರೆ ಅದನ್ನು ಬಿಡಿಸಲು ಗ್ಯಾಸ್ ಹಚ್ಚುತ್ತಾರೆ. ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ. ಹಳೇ ಬೆಳ್ಳಿ ಬೆಸುಗೆ ಕೆಲವದರಲ್ಲಿ ಕ್ಯಾಡ್ಮಿಯಂ ಇದೆ, ಆ ಹೊಗೆ ವಿಷ.

ಉದ್ಯಮಬಾಗ

ಇನ್ಸರ್ಟ್ ಕೆಳಗೆ ಹೋಲ್ಡರಿನಲ್ಲಿ ಕೂತಿರುವ ಶಿಮ್ ಕೂಡ ಬಹಳ ಕಡೆ ಕಾರ್ಬೈಡೇ. ಮುರಿದ ಸಾಲಿಡ್ ಎಂಡ್‌ಮಿಲ್ (ಇಡೀ ಕಾರ್ಬೈಡಿನದೇ ಮಿಲ್ಲಿಂಗ್ ಕಟರ್), ಡ್ರಿಲ್ ಕೂಡ. ಜನ ಅದನ್ನೆಲ್ಲ ಸುರುಳಿಯ ಜೊತೆ ಗುಡಿಸಿ ಹಾಕುತ್ತಾರೆ.

ಕೋಲಾರದವಳು

ಚೀನಾದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ದೇಶದಲ್ಲಿ ಟಂಗ್‌ಸ್ಟನ್ ಇಲ್ಲವೇ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ರಾಜಸ್ಥಾನದ ಡೇಗಾನಾದಲ್ಲಿ ಮೊದಲ ಮಹಾಯುದ್ಧದ ಕಾಲದಿಂದ ಗಣಿ ಇತ್ತು. 1990ರ ದಶಕದಲ್ಲಿ ಅದು ನಿಂತಿತು. ಆದರೆ ನಮ್ಮೂರಿನ ವಿಷಯ ಎಷ್ಟು ಜನಕ್ಕೆ ಗೊತ್ತು?

ಕೆಜಿಎಫ್‌ನಲ್ಲಿ ಸೈನೈಡ್ ಗುಡ್ಡ ಅಂತ ಇದೆ. ಸಿನಿಮಾದವರು ಬಂದು ಹಾಡು ತೆಗೆಯುವ ಜಾಗ. ಚಿನ್ನ ತೆಗೆದುಕೊಂಡು ಬಿಸಾಕಿದ ಕಲ್ಲಿನ ಪುಡಿ ಅದು, ಅಂಥ ಗುಡ್ಡಗಳೆಲ್ಲ ಸೇರಿ 3 ಕೋಟಿ ಟನ್‌ಗೂ ಜಾಸ್ತಿ. ಆ ಪುಡಿಯಲ್ಲಿ ಶೀಲೈಟ್ ಇದೆ. ಅದು ಟಂಗ್‌ಸ್ಟನ್ ಅದಿರು. ಭಾರತೀಯ ಗಣಿ ಬ್ಯೂರೋ ಪಟ್ಟಿಯಲ್ಲಿ ದೇಶದ ಟಂಗ್‌ಸ್ಟನ್ ಸಂಪನ್ಮೂಲದಲ್ಲಿ ಕರ್ನಾಟಕದ ಪಾಲೇ ದೊಡ್ಡದು. ಪ್ರಮಾಣ ತುಂಬಾ ಕಮ್ಮಿ, ನಿಜ. ಟನ್ ಪುಡಿಗೆ ಎರಡು ಕೆಜಿಗಿಂತಲೂ ಕಮ್ಮಿ. ಆದರೆ ಅದನ್ನು ಯಾರೂ ನೆಲದಿಂದ ತೋಡಬೇಕಿಲ್ಲ, ಅರೆಯಬೇಕಿಲ್ಲ. ನಮ್ಮ ತಾತ, ಮುತ್ತಾತ ಭೂಮಿಯೊಳಗಿಂದ ತಂದು, ಅರೆದು, ಹೊರಗೆ ಇಟ್ಟಿದ್ದಾರೆ.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನಾನು ಆಗ ಎಂಟನೇ ಕ್ಲಾಸು. ಬೇಸಿಗೆ ಗಾಳಿಗೆ ಆ ಪುಡಿ ಮನೆಯೊಳಗೆ ಬರುತ್ತದೆ, ಅನ್ನದ ತಟ್ಟೆ ಮೇಲೂ ಕೂರುತ್ತದೆ. ಕಾಲೇಜಿನಲ್ಲಿದ್ದಾಗ ನಮ್ಮ ಭೂವಿಜ್ಞಾನದ ಮೇಷ್ಟ್ರು ಒಂದು ದಿನ ಕತ್ತಲ ಕೋಣೆಯಲ್ಲಿ ಶೀಲೈಟ್ ತುಣುಕಿನ ಮೇಲೆ ನೇರಳಾತೀತ ದೀಪ ಹಿಡಿದರು. ಸಾಮಾನ್ಯ ಬೆಳಕಿನಲ್ಲಿ ಬೆಣಚುಕಲ್ಲಿನ ಹಾಗೆ ಪೇಲವವಾಗಿದ್ದದ್ದು ತಿಳಿನೀಲಿಯಾಗಿ ಹೊಳೆಯಿತು. ಇದೇ ನಮ್ಮ ಗುಡ್ಡದಲ್ಲೂ ಇರೋದು ಅಂದರು. ಅವತ್ತಿನಿಂದ ಆ ಗುಡ್ಡ ನೋಡಿದಾಗಲೆಲ್ಲ ಕಸ ಅನ್ನಿಸುವುದಿಲ್ಲ. ಆ ಪುಡಿ ನಮ್ಮ ಎದೆಗೆ ಹೋಗುವ ಬದಲು ಕೆಲಸಕ್ಕೆ ಹೋಗಲಿ, ಅದೂ ನಮ್ಮೂರಿನ ಹುಡುಗರಿಗೆ ಕೆಲಸ ಕೊಟ್ಟು ಹೋಗಲಿ ಅಂತ ನನ್ನ ಆಸೆ.

ಸ್ವೀಡನ್‌ಕನ್ನಡಿಗ

ಕೋಲಾರದವಳು, ನಿಮ್ಮ ಪೋಸ್ಟ್ ಓದಿ ಬರೆಯದೆ ಇರಲಾಗಲಿಲ್ಲ. ಟಂಗ್‌ಸ್ಟನ್ ಅನ್ನುವ ಪದವೇ ನಾನಿರುವ ದೇಶದ್ದು. ಸ್ವೀಡಿಷ್‌ನಲ್ಲಿ "ತುಂಗ್" ಅಂದರೆ ಭಾರ, "ಸ್ತೇನ್" ಅಂದರೆ ಕಲ್ಲು. 1781ರಲ್ಲಿ ಶೀಲೆ ಅನ್ನುವ ಔಷಧಿ ಅಂಗಡಿಯವರು ಆ ಭಾರದ ಕಲ್ಲಿನಿಂದ ಹೊಸ ಆಮ್ಲ ತೆಗೆದರು. ಶೀಲೈಟ್ ಹೆಸರು ಅವರಿಂದ ಬಂದದ್ದು. ಲೋಹವನ್ನು ಬೇರೆ ಮಾಡಿದವರು ಸ್ಪೇನಿನ ಎಲುಯಾರ್ ಅಣ್ಣತಮ್ಮಂದಿರು, 1783ರಲ್ಲಿ. ಸ್ವೀಡನ್ನಿನವರು ಮಾತ್ರ ಇವತ್ತು ಅದನ್ನು ಟಂಗ್‌ಸ್ಟನ್ ಅನ್ನಲ್ಲ, ವೋಲ್ಫ್ರಾಮ್ ಅನ್ನುತ್ತಾರೆ.

ಇಲ್ಲಿ ಚಳಿಗಾಲದ ಟೈರಿನಲ್ಲಿ ಮೊಳೆ ಇರುತ್ತವೆ, ಅದರ ತುದಿ ಕಾರ್ಬೈಡ್. ಅಕ್ಟೋಬರ್ 1ರಿಂದ ಏಪ್ರಿಲ್ 15ರವರೆಗೆ ಹಾಕಿಕೊಳ್ಳಬಹುದು. ಮಂಜುಗಡ್ಡೆ ಮೇಲೆ ಗಾಡಿ ನಿಲ್ಲೋದು ಅದರಿಂದ. ಆದರೆ ಮಂಜಿಲ್ಲದ ರಸ್ತೆಯಲ್ಲಿ ಅದೇ ಮೊಳೆ ಡಾಂಬರನ್ನು ಕೆರೆದು ಧೂಳೆಬ್ಬಿಸುತ್ತದೆ. ಅದಕ್ಕೇ ಸ್ಟಾಕ್‌ಹೋಮ್‌ನ ಹೋರ್ನ್ಸ್‌ಗಾತನ್ ರಸ್ತೆಯಲ್ಲಿ 2010ರಿಂದ ಮೊಳೆ ಟೈರ್ ನಿಷೇಧ. ಒಂದು ಬೀದಿಯ ಗಾಳಿಗಾಗಿ ಇಷ್ಟು ಯೋಚಿಸುತ್ತಾರೆ. ಸೈನೈಡ್ ಗುಡ್ಡದ ಧೂಳಿನ ಬಗ್ಗೆ ನೀವು ಬರೆದದ್ದು ಓದಿ ನನಗೆ ಸಂಕಟವಾಯಿತು.

ಮಾವಿನತೋಪು

ಇಷ್ಟೆಲ್ಲ ಓದಿದ ಮೇಲೆ ನಮ್ಮ ಮನೆಯಲ್ಲಿ ಕಾರ್ಬೈಡ್ ಎಲ್ಲಾದರೂ ಇದೆಯಾ ಅಂತ ಹುಡುಕುತ್ತಿದ್ದೇನೆ. ಗೋಡೆಗೆ ತೂತು ಹಾಕುವ ಡ್ರಿಲ್ ತುದಿ ಅದೇನಾ?

ಪುಡಿಲೋಹ

ಹೌದು, ತುದಿಯಲ್ಲಿ ಸಣ್ಣ ಬಾಣದ ಹಾಗೆ ಕೂತಿರುವ ಬೂದು ತುಂಡು. ಬಡಗಿಯವರ ವೃತ್ತದ ಗರಗಸದ ಹಲ್ಲೂ ಅದೇ. ಆದರೆ ನಿಮ್ಮ ಜೇಬಲ್ಲೇ ಇದೆ ನೋಡಿ. ಬಾಲ್‌ಪೆನ್ನಿನ ಬಾಲು. ಬಹುತೇಕ ಪೆನ್ನುಗಳಲ್ಲಿ ಅದು ಟಂಗ್‌ಸ್ಟನ್ ಕಾರ್ಬೈಡ್, ಅರ್ಧದಿಂದ ಒಂದು ಎಂಎಂ. ಕಾಗದದ ಮೇಲೆ ಅಷ್ಟು ದೂರ ಉರುಳಿದರೂ ಗುಂಡಗೆ ಉಳಿಯಬೇಕಲ್ಲ. ಶಾಯಿ ಮುಗಿದ ಪೆನ್ನನ್ನು ನಾವು ಎಸೆಯುತ್ತೇವೆ, ಬಾಲು ಹೊಸದರ ಹಾಗೇ ಇರುತ್ತದೆ.

ಇದು ಶುರುವಾದದ್ದೂ ಸಣ್ಣದರಿಂದಲೇ. ಬಲ್ಬಿನ ಟಂಗ್‌ಸ್ಟನ್ ತಂತಿ ಎಳೆಯಲು ವಜ್ರದ ಡೈ ಬೇಕಾಗುತ್ತಿತ್ತು. ವಜ್ರ ದುಬಾರಿ. ಅದರ ಬದಲಿಗೆ ಏನಾದರೂ ಬೇಕು ಅಂತ ಬರ್ಲಿನ್‌ನ ಓಸ್ರಾಮ್ ಕಂಪನಿಯಲ್ಲಿ ಹುಡುಕುತ್ತಿದ್ದರು. ಕಾರ್ಬೈಡ್ ಆಗಲೇ ಗೊತ್ತಿತ್ತು, ಆದರೆ ಅದೊಂದೇ ಆದರೆ ಬಿರುಸು, ಒಡೆಯುತ್ತಿತ್ತು. ಕಾರ್ಲ್ ಶ್ರೋಟರ್ ಅದಕ್ಕೆ ಕೋಬಾಲ್ಟ್ ಥರದ ಲೋಹ ಬೆರೆಸಿ ಬೇಯಿಸಿದರು. 1923ರ ಪೇಟೆಂಟ್ ಅದು. ಆಮೇಲೆ ಕ್ರುಪ್ ಕಂಪನಿ ಅದನ್ನು ಕೊಂಡು 1927ರ ಲೈಪ್‌ಜಿಗ್ ಮೇಳದಲ್ಲಿ ವಿಡಿಯಾ ಹೆಸರಲ್ಲಿ ತೋರಿಸಿತು. ಹಳೇಟರ್ನರ್ ಸರ್ ಅವರ ಫೋರ್‌ಮನ್ ಸರಿಯಾಗೇ ಹೇಳಿದ್ದಾರೆ.

ಹಳೇಟರ್ನರ್

ಎಲ್ಲರೂ ಒಳ್ಳೇದು ಹೇಳಿದಿರಿ. ಕೋಲಾರದ ಮಗಳು ಧೂಳಿನ ಮಾತು ಎತ್ತಿದ್ದಕ್ಕೆ ನಾನು ಇದನ್ನು ಹೇಳಲೇಬೇಕು.

ಬೆಸುಗೆ ಹಾಕಿದ ವಿಡಿಯಾ ಟೂಲನ್ನು ನಾವೇ ಚೂಪು ಮಾಡುತ್ತಿದ್ದೆವು. ಗ್ರೈಂಡರಿನ ಬಿಳಿ ಕಲ್ಲಿಗೆ ಅದು ಬಗ್ಗಲ್ಲ. ಹಸಿರು ಕಲ್ಲು ಬೇಕು, ಕೊನೆಗೆ ಡೈಮಂಡ್ ವೀಲ್. ನೀರಿಗೆ ಅದ್ದಬಾರದು ಅಂತ ಹೇಳಿಕೊಡುತ್ತಿದ್ದರು. ಕಾದಿದ್ದನ್ನು ಅದ್ದಿದರೆ ಕೂದಲೆಳೆಯ ಬಿರುಕು ಬೀಳುತ್ತದೆ. ಅದು ನಿಜ. ಆದರೆ ಅದನ್ನೇ ಹಿಡಿದುಕೊಂಡು ಎಲ್ಲರೂ ಒಣದಾಗಿ ಉಜ್ಜಿದೆವು. ಗ್ರೈಂಡರ್ ಸುತ್ತ ಬೂದು ಪುಡಿ. ಮೂಗಿಗೆ ಒಂದು ಕರವಸ್ತ್ರವೂ ಇಲ್ಲ.

ನಮ್ಮ ಜೊತೆ ಒಬ್ಬರು ಇದ್ದರು. ದಿನವಿಡೀ ಅದೇ ಕೆಲಸ, ಇಡೀ ಶಾಪಿನ ಟೂಲ್ ಅವರೇ ಚೂಪು ಮಾಡುತ್ತಿದ್ದರು. ಅವರ ಕೈಯಲ್ಲಿ ಚೂಪಾದ ಟೂಲ್ ಬಂದರೆ ಫಿನಿಶ್ ಕನ್ನಡಿ ಹಾಗೆ ಬರುತ್ತಿತ್ತು. ಒಣಕೆಮ್ಮು ಶುರುವಾಯಿತು. ಹಬ್ಬಕ್ಕೆ ಊರಿಗೆ ಹೋದರೆ ಕಮ್ಮಿ, ಕೆಲಸಕ್ಕೆ ಬಂದರೆ ಮತ್ತೆ. ಅಸ್ತಮಾ ಅಂದರು, ಟಿಬಿ ಅಂದರು. ಎರಡನೇ ಮಹಡಿ ಹತ್ತಲು ಆಗದೆ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. ಅದು ಈ ಧೂಳಿನಿಂದ ಅಂತ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಅದಕ್ಕೆ ಹಾರ್ಡ್ ಮೆಟಲ್ ಶ್ವಾಸಕೋಶದ ಕಾಯಿಲೆ ಅಂತಲೇ ಹೆಸರಿದೆ. ಕಾರ್ಬೈಡ್ ಒಂದೇ ಅಲ್ಲ, ಅದರ ಜೊತೆ ಇರುವ ಕೋಬಾಲ್ಟ್ ಸೇರಿದಾಗ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೂ 2006ರಲ್ಲಿ ಇವೆರಡು ಸೇರಿದ್ದನ್ನು ಕ್ಯಾನ್ಸರ್ ತರುವ ಸಂಭವ ಇರುವ ಪಟ್ಟಿಗೆ ಸೇರಿಸಿತು.

ಇಡೀ ಇನ್ಸರ್ಟ್ ಮುಟ್ಟಿದರೆ ಏನೂ ಆಗುವುದಿಲ್ಲ, ಹೆದರಬೇಡಿ. ಉಜ್ಜುವ ಧೂಳು, ಪುಡಿ, ಅದರ ಕೂಲೆಂಟಿನ (ತಣ್ಣಗಿಡಲು ಹರಿಸುವ ದ್ರವ) ಮಂಜು, ಇವು ಎದೆಗೆ ಹೋಗಬಾರದು. ಮೊದಲಿಂದ ಕೊನೆವರೆಗೂ ಕೂಲೆಂಟ್ ಹರಿಯುವ ಗ್ರೈಂಡರ್ ಬಳಸಿ, ವೀಲ್ ಹತ್ತಿರವೇ ಧೂಳು ಎಳೆಯುವ ಎಕ್ಸಾಸ್ಟ್ ಇಡಿ. ಕರವಸ್ತ್ರ ಸಾಲದು, ಒಳ್ಳೇ ಮಾಸ್ಕ್ ಬೇಕು. ಬಟ್ಟೆ ಮೇಲಿನ ಧೂಳನ್ನು ಗಾಳಿ ಪೈಪಿನಿಂದ ಊದಿಕೊಳ್ಳಬೇಡಿ. ಹುಡುಗರು ಸಂಜೆ ಮನೆಗೆ ಹೊರಡುವಾಗ ಮಾಡುವುದೇ ಅದು. ಲೇತ್‌ಮನೆ, ನಿಮ್ಮ ಶೆಡ್ಡಿನಲ್ಲಿ ಎಂಡ್‌ಮಿಲ್ ಉಜ್ಜುತ್ತೀರಾ?

ಲೇತ್‌ಮನೆ

ಉಜ್ಜುತ್ತೇವೆ ಸರ್. ಒಣದಾಗಿ. ಹುಡುಗ ಇಪ್ಪತ್ತೆರಡು ವರ್ಷದವನು.

ಹಳೇಟರ್ನರ್

ನಾಳೆಯಿಂದ ನಿಲ್ಲಿಸಿ. ಎಕ್ಸಾಸ್ಟ್ ಬರುವವರೆಗೂ ಹೊರಗೆ ಕೊಟ್ಟು ಉಜ್ಜಿಸಿ. ಡಬ್ಬಿ ಮಾರಿದ ದುಡ್ಡು ಅದಕ್ಕೇ ಹಾಕಿ.

ಬೋರ್‌ಗಾಡಿ

ನಾವೂ ಬಟನ್ ಹೊಲದಲ್ಲೇ ಕೂತು ಒಣದಾಗಿ ಉಜ್ಜುತ್ತೇವೆ. ಗಾಳಿ ಇದೆಯಲ್ಲ, ಏನಾಗಲ್ಲ ಅಂದುಕೊಂಡಿದ್ದೆ. ಇವತ್ತೇ ಗಾಡಿಯವರಿಗೆಲ್ಲ ಇದನ್ನು ಕಳಿಸುತ್ತೇನೆ. ಪುಡಿಲೋಹ ಅಕ್ಕ, ಸತ್ತ ಬಿಟ್ಟಿನ ಬಟನ್ ಕೂಡ ಮಾರಬಹುದಾ? ಮಾರಿದ ಮೇಲೆ ಅದನ್ನು ಏನು ಮಾಡುತ್ತಾರೆ?

ಪುಡಿಲೋಹ

ಮಾರಬಹುದು. ಉ‌ಕ್ಕಿನಿಂದ ಬಿಡಿಸಿಕೊಟ್ಟರೆ ರೇಟ್ ಚೆನ್ನಾಗಿ ಬರುತ್ತದೆ, ಇಡೀ ಬಿಟ್ ಕೊಟ್ಟರೆ ಕಮ್ಮಿ. ಇನ್ಸರ್ಟ್ ಜೊತೆ ಕಲಸಬೇಡಿ.

ಯಾಕೆ ಅಂದರೆ ಇದನ್ನು ಮತ್ತೆ ಬಳಸಲು ಮುಖ್ಯವಾಗಿ ಎರಡು ದಾರಿ ಇದೆ. ಒಂದು ಸತುವಿನ ದಾರಿ. 900 ಡಿಗ್ರಿ ಮೀರಿದ ಕರಗಿದ ಸತುವಿನಲ್ಲಿ ತುಂಡುಗಳನ್ನು ಮುಳುಗಿಸುತ್ತಾರೆ. ಸತು ಒಳಗಿನ ಕೋಬಾಲ್ಟ್ ಜೊತೆ ಸೇರಿ ತುಂಡು ಅವಲಕ್ಕಿ ನೆನೆದ ಹಾಗೆ ಉಬ್ಬುತ್ತದೆ. ಆಮೇಲೆ ಗಾಳಿ ತೆಗೆದ ಒಲೆಯಲ್ಲಿ ಸತುವನ್ನು ಆವಿ ಮಾಡಿ ಹಿಂದಕ್ಕೆ ಪಡೆಯುತ್ತಾರೆ. ಉಳಿದದ್ದನ್ನು ಜಜ್ಜಿದರೆ ಪುಡಿ. ಕಾರ್ಬೈಡ್ ಕಾಳು ಇದ್ದ ಹಾಗೇ ಇರುತ್ತದೆ, ಕೋಬಾಲ್ಟೂ ಅಲ್ಲೇ. ಅಂದರೆ ಏನು ಹಾಕುತ್ತೀರೋ ಅದೇ ಬರುತ್ತದೆ. ಕಲಬೆರಕೆ ಹಾಕಿದರೆ ಕಲಬೆರಕೆ. ಇನ್ನೊಂದು ರಾಸಾಯನಿಕ ದಾರಿ. ಎಲ್ಲ ಕರಗಿಸಿ ಮತ್ತೆ ಎಪಿಟಿವರೆಗೂ ಹಿಂದೆ ಹೋಗುವುದು. ಅದಕ್ಕೆ ಕೊಳಕು ಮಾಲು, ಗ್ರೈಂಡಿಂಗ್ ಕೆಸರು ಕೂಡ ನಡೆಯುತ್ತದೆ, ಖರ್ಚು ಜಾಸ್ತಿ. ಲೇತ್‌ಮನೆ, ನಿಮ್ಮ ಕೂಲೆಂಟ್ ಟ್ಯಾಂಕಿನ ತಳದ ಕಾರ್ಬೈಡ್ ಕೆಸರನ್ನೂ ಮೋರಿಗೆ ಬಿಡಬೇಡಿ. ಹಸಿಯಾಗಿಯೇ ಡ್ರಮ್ಮಿನಲ್ಲಿ ಮುಚ್ಚಿಡಿ, ಅದಕ್ಕೂ ಕೊಳ್ಳುವವರಿದ್ದಾರೆ.

ಲೇತ್‌ಮನೆ

ಎಲ್ಲರಿಗೂ ಲೆಕ್ಕ ಒಪ್ಪಿಸುತ್ತಿದ್ದೇನೆ. ಮೂರು ಸಂಜೆ ಹಿಡಿಯಿತು. ಅಮ್ಮನೂ ಕೂತು ವಿಂಗಡಿಸಿದರು.

ಒಟ್ಟು 1,140 ತುಂಡು. ಅದರಲ್ಲಿ 163ಕ್ಕೆ ಒಂದಾದರೂ ಮುಟ್ಟದ ಮೂಲೆ ಇದೆ. ಹೆಚ್ಚಿನವು ಸಿಎನ್‌ಎಂಜಿ 120408. ಸವೆದ ಮೂಲೆಗೆ ಮಾರ್ಕರ್‌ನಲ್ಲಿ ಚುಕ್ಕೆ ಇಟ್ಟು ಬೇರೆ ಡಬ್ಬಿಗೆ ಹಾಕಿದ್ದೇನೆ. ಇನ್ನು ಎರಡು ತಿಂಗಳು ಆ ಅಳತೆಯ ಇನ್ಸರ್ಟ್ ಕೊಳ್ಳುವಂತಿಲ್ಲ. ಜಾರಿನ ಪರೀಕ್ಷೆಯಲ್ಲಿ ಒಂಬತ್ತು ಸಿರಾಮಿಕ್, ನಾಲ್ಕು ಉಕ್ಕಿನ ಶಿಮ್ ಸಿಕ್ಕಿಬಿದ್ದವು. ಉಳಿದದ್ದಕ್ಕೆ ಒಂದೇ ದಿನ ಮೂರು ಕಡೆ ರೇಟ್ ಕೇಳಿದೆ. ಮೂರೂ ನಾಲ್ಕಂಕಿ. ನಮ್ಮ ಇನ್ಸರ್ಟ್ ಡೀಲರಿಗೇ ಕೊಟ್ಟೆ, ನನ್ನ ತಕ್ಕಡಿಯಲ್ಲೇ ತೂಗಿ. ಎಕ್ಸಾಸ್ಟಿಗೆ ಅಡ್ವಾನ್ಸ್ ಕೊಟ್ಟಿದ್ದೇನೆ, ಸೋಮವಾರ ಬಂದು ಕೂರಿಸುತ್ತಾರೆ. ಹುಡುಗನಿಗೆ ಎದೆಯ ಪರೀಕ್ಷೆ ಮಾಡಿಸಿದೆ. ಸದ್ಯ ಚೆನ್ನಾಗಿದ್ದಾನೆ.

ಡಬ್ಬಿಯ ತಳದಲ್ಲಿ ಎಣ್ಣೆ ಕಾಗದದಲ್ಲಿ ಸುತ್ತಿದ ಒಂದು ಹಳೇ ಬೆಸುಗೆ ಟೂಲ್ ಇತ್ತು. ಬಳಸಿಲ್ಲದ್ದು. ಕಾಗದದ ಮೇಲೆ ಅಪ್ಪನ ಕೈಬರಹ: "ಇಎನ್8, 40 ಎಂಎಂ, 1000." ನನಗೆ ಮೊದಲು ಅರ್ಥ ಆಗಲಿಲ್ಲ. ಹಳೇಟರ್ನರ್ ಸರ್ ಬರೆದ ಲೆಕ್ಕ ನೆನಪಾಗಿ ಹಾಕಿ ನೋಡಿದೆ, ನಿಮಿಷಕ್ಕೆ ಹೆಚ್ಚುಕಮ್ಮಿ 125 ಮೀಟರ್ ಬಂತು. ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ ಎಚ್‌ಎಂಟಿ ಲೇತಿಗೆ 40 ಎಂಎಂ ಇಎನ್8 ಸರಳು ಕಟ್ಟಿ, ಅದೇ ಟೂಲ್ ಹಾಕಿ, 1000ಕ್ಕೆ ಹತ್ತಿರದ ಗೇರ್ ಇಟ್ಟು ಓಡಿಸಿದೆ. ಸುರುಳಿ ನೀಲಿಯಾಗಿ ಬಂತು ಸರ್.

ಹಳೇಟರ್ನರ್

ಜಾಬ್ ಮುಟ್ಟಿ ನೋಡಿದಿರಾ?

ಲೇತ್‌ಮನೆ

ಲೇತ್ ನಿಲ್ಲಿಸಿ ಮುಟ್ಟಿದೆ. ಉಗುರು ಬೆಚ್ಚಗೆ, ಅಷ್ಟೆ.